ಡೊಂಡೊಲೊ ಬೆಟ್ಟದ ಸುಂಕ

ಹೆದ್ದಾರಿಯಿಂದ ಗಾಡಿಗಳು ಇಳಿದು ಬರುವ ಇಳಿದಾರಿ ತನ್ನ ಅಂಗಡಿಯ ಮುಂದೆ ಬರಬೇಕಿತ್ತು ಎಂಬುದನ್ನು ಫಲಾಖೆ ಮ್ಖಿಝೆ ಒಂದು ದಿನವೂ ಮರೆತಿರಲಿಲ್ಲ. ಸುಂಕದ ಹೆದ್ದಾರಿಯ ಮೊದಲ ನಕ್ಷೆಯಲ್ಲಿ ಅದು ಹಾಗೇ ಇತ್ತು. ಅಳತೆಯವರು ಬಂದು ಅವನ ಟೈರು ಅಂಗಡಿಯ ಎದುರಿನ ಹುಲ್ಲಿನಲ್ಲಿ ಕೆಂಪು ತುದಿಯ ಗೂಟಗಳನ್ನು ನೆಟ್ಟಿದ್ದರು. ಅವನ ಹೆಂಡತಿ ಅವರಿಗೆ ಹುಳಿ ಗಂಜಿ ಕುಡಿಸಿದ್ದಳು. ಆಮೇಲೆ ಪಾಳೆಯಗಾರನ ಅಂಗಳದಲ್ಲಿ ಒಂದು ಸಭೆ ನಡೆಯಿತು. ಸಭೆ ಮುಗಿದ ವಾರದಲ್ಲಿ ಅದೇ ಜನ ಬಂದು, ಅವನ ಮುಖ ನೋಡದೆ, ಗೂಟ ಕಿತ್ತುಕೊಂಡು ಬೆಟ್ಟದ ಆಚೆ ಮಗ್ಗುಲಿಗೆ ಹೋದರು. ಮನೆತನದ ಪರವಾಗಿ ಒಪ್ಪಿಗೆ ಕೊಟ್ಟವನು ಅವನ ಅಣ್ಣ ಮುಝಿವಾಖೆ. ತಂದೆ ಒಬ್ಬನೇ, ತಾಯಂದಿರು ಬೇರೆ. ಮುಝಿವಾಖೆ ದೊಡ್ಡ ಮನೆಯ ಮಗ, ಯಜಮಾನ. ಆಚೆ ಮಗ್ಗುಲಲ್ಲಿ ನೆಲ ಗಟ್ಟಿಯಾಗಿದೆ ಎಂದು ಅವನು ಸಭೆಯಲ್ಲಿ ಹೇಳಿದ್ದನಂತೆ. ಆಚೆ ಮಗ್ಗುಲಲ್ಲಿ ಅವನ ಭಾವಮೈದುನನ ಅಂಗಡಿಯೂ ಇತ್ತು. ಅದನ್ನು ಯಾರೂ ಹೇಳಲಿಲ್ಲ.

ಹಾಗೆ ನೋಡಿದರೆ ಡೊಂಡೊಲೊ ಬೆಟ್ಟಕ್ಕೆ ಮೊದಲು ಸುಂಕ ಹಾಕಿದವರು ಮ್ಖಿಝೆಗಳೇ. ಬಂದರಿನಿಂದ ಒಳನಾಡಿಗೆ ಎತ್ತಿನ ಬಂಡಿಗಳು ಹೋಗುತ್ತಿದ್ದ ಕಾಲದಲ್ಲಿ ಈ ಏರಿನ ಜೇಡಿಮಣ್ಣು ಬಿಳಿಯರ ಎತ್ತುಗಳನ್ನು ಮಂಡಿಯೂರಿಸುತ್ತಿತ್ತು. ಫಲಾಖೆಯ ಮುತ್ತಜ್ಜ ಬೆಟ್ಟದ ಬುಡದಲ್ಲಿ ತನ್ನ ಎತ್ತುಗಳನ್ನು ಕಟ್ಟಿಕೊಂಡು ಕಾಯುತ್ತಿದ್ದ. ಬಂಡಿಯನ್ನು ನೆತ್ತಿಗೆ ಏರಿಸಿಕೊಟ್ಟರೆ ಉಪ್ಪೋ ಕಂಬಳಿಯೋ ತಾಮ್ರದ ತಂತಿಯೋ ಅವನಿಗೆ ಸಲ್ಲಬೇಕು. ಆಮೇಲೆ ಸರಕಾರ ಕೈದಿಗಳನ್ನು ತಂದು ಕಲ್ಲು ಒಡೆಸಿತು. ರಸ್ತೆ ಬೆಟ್ಟಕ್ಕೆ ಮೂರು ಸುತ್ತು ಸುತ್ತಿ ಏರಿತು. ಅಜ್ಜನ ಕಾಲಕ್ಕೆ ಡಾಂಬರು ಬಂತು, ಲಾರಿಗಳು ಬಂದವು. ಮೂರನೇ ತಿರುವಿನಲ್ಲಿ, ಇಳಿಯುವ ಲಾರಿಗಳ ಟೈರು ಕಾದು ಸಿಡಿಯುವ ಜಾಗ ನೋಡಿಕೊಂಡು, ಫಲಾಖೆಯ ತಂದೆ ತಗಡಿನ ಅಂಗಡಿ ಹಾಕಿದ. ಆ ರಸ್ತೆಯ ಚೂಪು ಕಲ್ಲುಗಳು ಎರಡು ತಲೆಮಾರಿನ ಹೊಟ್ಟೆ ಹೊರೆದವು.

ಸುಂಕದ ಹೆದ್ದಾರಿ ಸುತ್ತಲಿಲ್ಲ, ಏರಲಿಲ್ಲ. ಸಿಡಿಮದ್ದು ಇಟ್ಟು ಬೆಟ್ಟವನ್ನು ಸೀಳಿಕೊಂಡು ನೇರ ಹೋಯಿತು. ಜೊತೆಗೆ ಊರನ್ನೂ ಸೀಳಿತು. ಮನೆಗಳು ಈ ಕಡೆ ಉಳಿದವು, ಹುಲ್ಲುಗಾವಲು ಮತ್ತು ತೊರೆ ಆ ಕಡೆ. ನಡೆಯುವವರು ಕಂಪನಿಯ ಬೇಲಿಯಲ್ಲಿ ಕಿಂಡಿ ಕತ್ತರಿಸಿ ದಾಟಿದರು. ಕಂಪನಿ ಕಿಂಡಿ ಮುಚ್ಚಿದರೆ ಮತ್ತೆ ಕತ್ತರಿಸಿದರು. ಗಾಡಿಯವರಿಗೆ ಆ ಅನುಕೂಲವೂ ಇಲ್ಲ. ದೂರದ ಏರುದಾರಿಯಿಂದ ಹೆದ್ದಾರಿ ಹತ್ತಿ, ಸುಂಕದ ಕಟ್ಟೆಯಲ್ಲಿ ಹಣ ಕೊಟ್ಟು, ಬೆಟ್ಟದ ಹಿಂದೆ ತಿರುಗಿಕೊಂಡು ಬರಬೇಕು. ಬಾಗಿಲಲ್ಲಿ ನಿಂತರೆ ಕಣ್ಣಿಗೆ ಕಾಣುವ ಅಪ್ಪನ ಹುಲ್ಲುಗಾವಲಿಗೂ ಸುಂಕ. ಹಳೆಯ ರಸ್ತೆಯಲ್ಲಿ ಈಗ ಶಾಲೆಯ ಮಕ್ಕಳು, ಮೇಕೆಗಳು, ಸುಂಕ ತಪ್ಪಿಸಿಕೊಳ್ಳುವ ಒಂದೆರಡು ಮುದಿ ಗಾಡಿಗಳು. "ಫಲಾಖೆ, ನಿನ್ನ ಅಂಗಡೀಲಿ ಈಗ ಪಂಕ್ಚರ್ ಆಗಿರೋದು ನಿನ್ನ ಹೊಟ್ಟೆ ಮಾತ್ರ" ಎಂದು ಬಾಡಿಗೆ ವ್ಯಾನು ಓಡಿಸುವ ಬಾಫಾನಾ ಹೋಗುವಾಗ ಬರುವಾಗ ಚುಚ್ಚುತ್ತಿದ್ದ. ಫಲಾಖೆಯೂ ನಗುತ್ತಿದ್ದ.

ಆ ವರ್ಷ ಕಂಪನಿಯವರು ಮತ್ತೆ ಬಂದರು. ಇನ್ನೊಂದು ಇಳಿದಾರಿ ಬೇಕು, ಲಾರಿಗಳು ನಿಂತು ಸುಧಾರಿಸಿಕೊಳ್ಳುವ ಒಂದು ತಂಗುದಾಣ ಬೇಕು. ಎರಡು ಜಾಗ ನೋಡಿದ್ದರು. ಒಂದು ಮೂರನೇ ತಿರುವು, ಇನ್ನೊಂದು ಮತ್ತೆ ಆಚೆ ಮಗ್ಗುಲು. ಎರಡೂ ಮ್ಖಿಝೆಗಳ ನೆಲ, ಆದ್ದರಿಂದ ಯಜಮಾನನ ಮಾತೇ ಕೊನೆ.

ಫಲಾಖೆ ಅಣ್ಣನ ಅಂಗಳಕ್ಕೆ ಹೋಗಿ ಕೂತ. ಮುಝಿವಾಖೆ ಒಂದು ಹಗ್ಗ ಹೊಸೆಯುತ್ತಿದ್ದ. ಹೆಂಡತಿಯನ್ನು ಕರೆದು ತಮ್ಮನಿಗೆ ಹೆಪ್ಪು ಹಾಲು ಕೊಡಿಸಿದ.

"ಅಣ್ಣಾ, ಈ ಸಲನಾದ್ರೂ ನನ್ನ ಕಡೆ ಸ್ವಲ್ಪ ನೋಡು."

"ನೋಡ್ತಾನೇ ಇದೀನಲ್ಲೋ. ಮೂರನೇ ತಿರುವು ಜಾರು ನೆಲ. ರಸ್ತೆ ನೆಲದ ಮಾತು ಕೇಳುತ್ತೆ ತಮ್ಮಾ, ನಿನ್ನ ಹೊಟ್ಟೆ ಮಾತು ಕೇಳಲ್ಲ." ಹಗ್ಗದಿಂದ ಕಣ್ಣೆತ್ತದೆ ಅವನು ಮತ್ತೆ ಹೇಳಿದ: "ಹಾಲು ಕುಡಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು, ಮುಖ ನೋಡಿದ್ರೇ ಗೊತ್ತಾಗುತ್ತೆ."

ಫಲಾಖೆ ಹಾಲು ಕುಡಿದ. ಅದು ಚೆನ್ನಾಗಿಯೇ ಇತ್ತು. ಅಣ್ಣ ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು ಎಂದು ಮನೆಗೆ ನಡೆಯುವಾಗ ಅನಿಸಿತು. ಮುಝಿವಾಖೆಗೆ ನಾಲ್ವರು ಹೆಣ್ಣುಮಕ್ಕಳು, ಗಂಡಿಲ್ಲ. ಅವನು ಹೋದರೆ ಯಜಮಾನಿಕೆ ತಮ್ಮನಿಗೆ ಬರುತ್ತದೆ. ಅದು ತನ್ನ ಆಸೆಯಲ್ಲ, ಕುಲದ ಕಟ್ಟಳೆ. ಆ ಯೋಚನೆ ಸಿಟ್ಟಾಗಿ ಬರಲಿಲ್ಲ. ಮನೆಯೊಳಗೆ ಮೊದಲೇ ಕೂತಿದ್ದ ನೆಂಟನಂತೆ, ಅವನು ಒಳಗೆ ಕಾಲಿಟ್ಟಾಗ ಎದ್ದು ನಿಂತಿತು.

ಮನುಷ್ಯ ಕೊಂದರೆ ಜನ ಮನುಷ್ಯನನ್ನು ಹುಡುಕುತ್ತಾರೆ. ರಸ್ತೆ ಕೊಂದರೆ ಯಾರೂ ಯಾರನ್ನೂ ಹುಡುಕುವುದಿಲ್ಲ. ಹೆದ್ದಾರಿ ಬಂದಾಗಿನಿಂದ ಬೇಲಿಯ ಕಿಂಡಿಯ ಎದುರು ಎಷ್ಟು ಜನ ಸತ್ತಿದ್ದರೆಂದರೆ, ಊರಿನವರು "ರಸ್ತೆ ತಿಂತು" ಎಂದು ಒಂದೇ ಮಾತಿನಲ್ಲಿ ಮುಗಿಸುವುದನ್ನು ಕಲಿತಿದ್ದರು. ಲಾರಿಯವರು ನಿಲ್ಲಿಸುತ್ತಿರಲಿಲ್ಲ. ಮಂಜಿದ್ದರೆ ತಾವು ಯಾವುದರ ಮೇಲೆ ಹಾಯಿಸಿದೆವೆಂದು ಅವರಿಗೂ ತಿಳಿಯುತ್ತಿರಲಿಲ್ಲ. ಡೊಂಡೊಲೊ ಸೀಳಿನಲ್ಲಿ ಚಳಿಗಾಲದ ಮುಂಜಾವು ಎಂದರೆ ಮಂಜೇ.

ಫಲಾಖೆ ಆತುರಪಡಲಿಲ್ಲ. ಮೊದಲು ಒಂದು ಅಭ್ಯಾಸ ಬೆಳೆಸಿದ. ಸವೆದ ಟೈರುಗಳನ್ನು ಕೈಗಾಡಿಯಲ್ಲಿ ಹೇರಿಕೊಂಡು ಬೆಳಗಿನ ಹೊತ್ತು ಬೇಲಿಯ ಪಕ್ಕದ ಕೊರಕಲಿಗೆ ಸುರಿದು ಬರುವುದು. ಮೊದಮೊದಲು ಹೆಂಗಸರು ಕೇಳಿದರು. ಆಮೇಲೆ ಕೇಳುವುದನ್ನು ಬಿಟ್ಟರು. ಕೈಗಾಡಿಯ ಕಿರಗುಟ್ಟುವ ಚಕ್ರ ಹುಂಜದ ಕೂಗಿನ ಹಾಗೆ ಬೆಳಗಿನ ಸದ್ದುಗಳಲ್ಲಿ ಒಂದಾಯಿತು. ಎರಡನೆಯದಾಗಿ, ಅಣ್ಣನ ಕಂದು ಹಸುವಿಗೆ ದಿನ ತುಂಬುವುದನ್ನು ಕಾದ. ಅಣ್ಣ ನಸುಕಿನಲ್ಲಿ ಒಬ್ಬನೇ ದಾಟಿದ್ದಕ್ಕೆ ಒಂದು ಕಾರಣ ಬೇಕಿತ್ತು. ಆ ಕಾರಣ ನಿಜವಾಗಿರಬೇಕಿತ್ತು. ಹಸುವಿಗೆ ಕೆಚ್ಚಲು ಇಳಿದ ದಿನದಿಂದ ಮುಝಿವಾಖೆ ಬೆಳಕು ಹರಿಯುವ ಮೊದಲೇ ಹುಲ್ಲುಗಾವಲಿಗೆ ಹೊರಡತೊಡಗಿದ. ಅವನ ದಾರಿ ಅಂಗಡಿಯ ಮುಂದೆಯೇ.

ಸುಂಕದ ಕಟ್ಟೆಯ ಮೇಲೆ, ಏರುದಾರಿಯಲ್ಲಿ, ಸೇತುವೆಯ ಕೆಳಗೆ ಕ್ಯಾಮೆರಾಗಳಿದ್ದವು. ಒಂದೊಂದನ್ನೂ ಫಲಾಖೆ ನೋಡಿಟ್ಟುಕೊಂಡಿದ್ದ. ಅವೆಲ್ಲ ಗಾಡಿಗಳನ್ನು ನೋಡುವುದಕ್ಕೆ. ಅವನ ಕೆಲಸಕ್ಕೆ ಗಾಡಿಯೇ ಬೇಕಿರಲಿಲ್ಲ. ಅಂಗಡಿಯಿಂದ ಕಿಂಡಿಗೆ ಇಳಿಜಾರು, ಕೈಗಾಡಿ ತಾನಾಗಿ ಉರುಳುವಂಥದ್ದು.

ಮಂಜು ದಟ್ಟವಾಗಿದ್ದ ಒಂದು ಬೆಳಿಗ್ಗೆ ಅವನು ಬಾಗಿಲು ಅರ್ಧ ತೆರೆದು ಕಾಫಿ ಕಾಯಿಸಿದ. ಹೊರಗೆ ಮುಝಿವಾಖೆ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿಸಿತು. ಯಾರ ಮನೆಗೆ ಹೋದರೂ, ತಮ್ಮನ ಅಂಗಡಿಯಾದರೂ, ಹೊಸ್ತಿಲಲ್ಲಿ ಹಾಗೆ ಕೆಮ್ಮಿ, ಬಾ ಎನ್ನುವವರೆಗೆ ನಿಲ್ಲುವ ಮನುಷ್ಯ ಅವನು. ಫಲಾಖೆ ಬಾ ಎಂದ. ಟೈರು ಬಿಚ್ಚುವ ಕಬ್ಬಿಣ ಒಂದೇ ಸಲ ಏರಿ ಇಳಿಯಿತು. ಕೈಗಾಡಿಯಲ್ಲಿ ಕಿಂಡಿಗೆ ಸಾಗಿಸಿದ್ದನ್ನು ಟೈರುಗಳೂ ಮಂಜೂ ಮುಚ್ಚಿದವು, ಮಿಕ್ಕದ್ದನ್ನು ಹೆದ್ದಾರಿಯ ಲಾರಿಗಳು ಮುಗಿಸಿದವು.

ಎಲ್ಲವೂ ಅವನೆಣಿಸಿದಂತೆಯೇ ನಡೆಯಿತು. ಠಾಣೆಯಿಂದ ಝೊದ್ವಾ ಎಂಬ ಹೆಣ್ಣು ಪೊಲೀಸು ಬಂದಳು. ಪಕ್ಕದ ಕಣಿವೆಯವಳು, ಮಾತು ಕಡಿಮೆ. ಅಷ್ಟು ಮಂಜಿನಲ್ಲಿ ಯಾಕೆ ದಾಟಿದನೆಂದು ಕೇಳಿದಳು. ಫಲಾಖೆ ಬೇಲಿಯಾಚೆ ಕೈ ತೋರಿಸಿದ. ಕಂದು ಹಸು ಹೊಸ ಕರುವನ್ನು ನೆಕ್ಕುತ್ತಾ ನಿಂತಿತ್ತು. ಝೊದ್ವಾ ಕಿಂಡಿಯನ್ನು ನೋಡಿದಳು, ರಸ್ತೆಯನ್ನು ನೋಡಿದಳು, ಫಲಾಖೆಯ ಕೈಗಳನ್ನೂ ನೋಡಿದಳು. ಟೈರಿನವನ ಕೈ, ಸದಾ ಕಪ್ಪು. ಅವಳಿಗೆ ಏನೋ ಸರಿಬರಲಿಲ್ಲ, ಆದರೆ ಅದು ಏನೆಂದು ಅವಳಿಗೇ ತಿಳಿಯಲಿಲ್ಲ ಎಂಬುದು ಫಲಾಖೆಗೆ ತಿಳಿಯಿತು. ಊರಿನವರು ಕಂಪನಿಯನ್ನು ಶಪಿಸಿದರು. ಮುಝಿವಾಖೆಯ ಹೆಂಡತಿ ತಲೆಗೆ ಕಂಬಳಿ ಹೊದ್ದು ಚಾಪೆಯ ಮೇಲೆ ಕೂತಳು. ಮನೆತನದ ಹಿರಿಯರು ತಗ್ಗಿದ ದನಿಯಲ್ಲಿ ಫಲಾಖೆಯನ್ನು ಆಗಲೇ ಕುಲದ ಹೆಸರಿನಿಂದ, ಖಾಬಾಝೆಲಾ ಎಂದು, ಯಜಮಾನನನ್ನು ಕರೆಯುವ ಹಾಗೆ ಕರೆಯತೊಡಗಿದರು.

ತೊಂದರೆ ಶುರುವಾದದ್ದು ಅಂಗಡಿಯಲ್ಲಿ. ಮರುದಿನ ಬೆಳಿಗ್ಗೆ ಬೀಗ ತೆಗೆಯುತ್ತಿದ್ದಾಗ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿಸಿತು. ಹೊರಗಿನಿಂದಲ್ಲ, ಒಳಗಿನಿಂದ. ಬಾ ಎಂದು ಕರೆಸಿಕೊಂಡವನು ಈಗ ಹೋಗು ಎನ್ನಲಿ ಎಂದು ಕಾಯುತ್ತಿರುವ ಹಾಗೆ. ಫಲಾಖೆ ಬಾಗಿಲು ತೆಗೆದ. ಗಾಳಿ ಯಂತ್ರ, ಟೈರುಗಳು, ಸಿಮೆಂಟು ನೆಲ. ಅದರ ಮರುದಿನವೂ ಹಾಗೇ ಆಯಿತು. ಮೂರನೇ ದಿನ ಅವನು ಅಂಗಡಿ ತೆಗೆಯಲಿಲ್ಲ. ಸೂತಕ ಎಂದರು ಎಲ್ಲರೂ.

ದಾರಿಯಲ್ಲಿ ಸತ್ತವನು ದಾರಿಯಲ್ಲೇ ನಿಂತಿರುತ್ತಾನೆ. ಹೆಣ ಶವಾಗಾರದಿಂದ ಮನೆಗೆ ಬರಬಹುದು, ಅವನು ಬರುವುದಿಲ್ಲ. ಮಣ್ಣು ಮಾಡುವ ಮೊದಲು ರಕ್ತಸಂಬಂಧಿಯೊಬ್ಬ ಎಲಚಿ ಜಾತಿಯ ಮುಳ್ಳುಮರದ ಕೊಂಬೆ ಹಿಡಿದು, ಉಸಿರು ಹೋದ ಜಾಗಕ್ಕೆ ಹೋಗಿ, ನೆಲಕ್ಕೆ ತಾಕಿಸಿ ಕರೆಯಬೇಕು. ಅಲ್ಲಿಂದ ಅವನು ಕೊಂಬೆಯಲ್ಲಿರುತ್ತಾನೆ. ಹೊಳೆ ಬಂದರೆ ಹೊಳೆ ಎಂದು, ತಿರುವು ಬಂದರೆ ತಿರುವು ಎಂದು ಅವನಿಗೆ ಹೇಳುತ್ತಾ ಬರಬೇಕು. ಇಲ್ಲದಿದ್ದರೆ ದಾರಿ ತಪ್ಪುತ್ತಾನೆ. ಕೊಂಬೆ ಹಿಡಿದವನು ಬದುಕಿರುವ ಯಾರೊಂದಿಗೂ ಒಂದು ಮಾತೂ ಆಡುವಂತಿಲ್ಲ. ವ್ಯಾನಿನಲ್ಲಿ ಬಂದರೆ ಸತ್ತವನಿಗೂ ಒಂದು ಸೀಟು, ಅದಕ್ಕೂ ಬಾಡಿಗೆ. ಮನೆಯ ಬಾಗಿಲಲ್ಲಿ ಹಿರಿಯರು ಹಾಡಿ, ಮೇಕೆ ಕಡಿದು ಒಳಗೆ ಕರೆದುಕೊಂಡ ಮೇಲಷ್ಟೇ ಅವನು ಪಿತೃಗಳ ಜೊತೆ ಸೇರುತ್ತಾನೆ.

ಮಗನಿಲ್ಲದ್ದರಿಂದ ತಮ್ಮನೇ ಹೋಗಬೇಕೆಂದು ಸೋದರತ್ತೆ ನೊಮಾಲಂಗಾ ಹೇಳಿದಳು. ಮನೆತನದಲ್ಲಿ ಬದುಕಿರುವವರಲ್ಲಿ ಅವಳೇ ಹಿರಿಯಳು. ಸೊಂಟ ಹಿಡಿದುಕೊಂಡಿತ್ತು, ನಾಲಿಗೆ ಹಿಡಿದುಕೊಂಡಿರಲಿಲ್ಲ. "ನಿನ್ನ ದನಿ ಅವನಿಗೆ ಗೊತ್ತು ಮಗಾ. ನೀನು ಕರೆದ್ರೆ ಬರ್ತಾನೆ. ಚಿಕ್ಕೋನಿದ್ದಾಗ ನೀನು ಅತ್ತರೆ ಓಡಿ ಬರ್ತಿದ್ದೋನು ಅವನೇ ಅಲ್ವಾ?"

ಫಲಾಖೆ ಆ ರಾತ್ರಿ ಎರಡು ದಾರಿಗಳನ್ನು ತೂಗಿ ನೋಡಿದ. ಎಲ್ಲರ ಜೊತೆ ಹೆದ್ದಾರಿಗೆ ಹೋಗಿ, ಡಾಂಬರಿಗೆ ಕೊಂಬೆ ತಾಕಿಸಿ, ಬರಿಯ ಕೊಂಬೆಯನ್ನು ಮನೆಗೆ ತರಬಹುದು. ಮನುಷ್ಯರಿಗೆ ಅದು ಸಾಕು. ಆದರೆ ಮುಝಿವಾಖೆ ಅಂಗಡಿಯಲ್ಲೇ ಉಳಿಯುತ್ತಾನೆ. ಇಳಿದಾರಿ ಬರುತ್ತದೆ, ಲಾರಿಗಳು ಬಂದು ನಿಲ್ಲುತ್ತವೆ, ಒಳಗೆ ಅವನು ಕೆಮ್ಮುತ್ತಿರುತ್ತಾನೆ. ಯಾವ ಅಂಗಡಿಗಾಗಿ ಇಷ್ಟು ಮಾಡಿದನೋ ಅದು ಅಣ್ಣನ ಮನೆಯಾಗಿಬಿಡುತ್ತದೆ. ಅದಕ್ಕಿಂತ ಹೆಚ್ಚಾಗಿ, ತಾನು ಕೊಂದದ್ದು ಒಂದು ಮಾತಾದರೆ, ಮನೆಗೆ ಬಾರದಂತೆ ಹೊರಗೆ ನಿಲ್ಲಿಸುವುದು ಬೇರೆಯೇ ಮಾತು. ಅಷ್ಟು ಕೆಟ್ಟವನು ತಾನಲ್ಲ ಎಂದು ಅವನಿಗೆ ಅನಿಸಿತು.

ಹಾಗಾಗಿ ಅವನು ಮತ್ತೊಂದು ಯೋಜನೆ ಮಾಡಿದ, ಮೊದಲಿನದಷ್ಟೇ ಅಚ್ಚುಕಟ್ಟಾಗಿ. ಮೊದಲು ಅಂಗಡಿಯಲ್ಲಿ ಕರೆಯುವುದು. ಆಮೇಲೆ ಅದೇ ಕೊಂಬೆಯೊಂದಿಗೆ ಎಲ್ಲರ ಜೊತೆ ಹೆದ್ದಾರಿಗೆ ಹೋಗಿ, ಕರೆಯುವ ಹಾಗೆ ಮಾಡಿ, ತಿರುಗಿ ಬರುವುದು. ಅಣ್ಣನಿಗೆ ಸ್ವಲ್ಪ ಸುತ್ತಾಗುತ್ತದೆ, ಅಷ್ಟೇ. ಕೊಂಬೆಯಲ್ಲಿ ಅಣ್ಣ ಆಗಲೇ ಇರುವುದರಿಂದ ಹೋಗುವಾಗಲೂ ಮಾತಾಡುವಂತಿಲ್ಲವಲ್ಲ, ಅದಕ್ಕೆ ಹಿಂದಿನ ದಿನವೇ ಅತ್ತು ಅತ್ತು ಗಂಟಲು ಕಟ್ಟಿದೆ ಎಂದು ಸುದ್ದಿ ಬಿಟ್ಟ. ಅತ್ತೆ ಜೇನು ಕಳಿಸಿದಳು. ದಾರಿ ಹೇಳುವುದಕ್ಕೆ ವ್ಯಾನಿನ ಗಾಜಿಗೆ ಹಣೆ ಒತ್ತಿ ಪಿಸುಗುಟ್ಟಿದರಾಯಿತು. ದುಃಖದಲ್ಲಿರುವವನ ತುಟಿ ಅಲುಗುವುದು ಯಾರಿಗೂ ವಿಶೇಷವಲ್ಲ.

ಶುಕ್ರವಾರ ಬೆಳಿಗ್ಗೆ ಅವನು ಕೊಂಬೆ ಕಡಿದು ತಂದ. ಆ ಮರದ ಮುಳ್ಳು ಜೋಡಿ ಜೋಡಿಯಾಗಿರುತ್ತದೆ, ಒಂದು ನೆಟ್ಟಗೆ, ಒಂದು ಹಿಂದಕ್ಕೆ ಬಾಗಿದ ಕೊಕ್ಕೆ. ಅಂಗಡಿಯ ಬಾಗಿಲು ಮುಚ್ಚಿ, ಗಾಳಿ ಯಂತ್ರದ ಪಕ್ಕದ ನೆಲಕ್ಕೆ ಅದನ್ನು ತಾಕಿಸಿದ.

"ಮುಝಿವಾಖೆ, ಮ್ಖಿಝೆ, ಖಾಬಾಝೆಲಾ. ನಾನು ನಿನ್ನ ತಮ್ಮ. ಏಳು, ಮನೆಗೆ ಹೋಗೋಣ. ಸ್ವಲ್ಪ ಸುತ್ತು ದಾರಿ, ಬೇಜಾರು ಮಾಡ್ಕೋಬೇಡ."

ಎಲೆಗಳು ಅಲುಗಿದ ಹಾಗಾಯಿತು. ಎತ್ತಿದಾಗ ಕೊಂಬೆ ಮೊದಲಿಗಿಂತ ಭಾರವಾಗಿತ್ತು. ಅಂಗಡಿಯ ಒಳಗೆ ಮೊದಲ ಸಲ ಬರಿಯ ಮೌನವಿತ್ತು. ಫಲಾಖೆ ಅಲ್ಲೇ ಕೂತು ಸ್ವಲ್ಪ ಹೊತ್ತು ನಿಜವಾಗಿಯೇ ಅತ್ತ.

ಬಾಫಾನಾ ವ್ಯಾನು ತಂದ. ಹೆದ್ದಾರಿಯ ಅಂಚಿನಲ್ಲಿ ಗಾಡಿ ನಿಲ್ಲಿಸುವುದು ಅಪರಾಧವಾದ್ದರಿಂದ ಠಾಣೆಯ ಅನುಮತಿಯ ಜೊತೆಗೆ ಝೊದ್ವಾಳೂ ಬಂದಳು. ಅತ್ತೆ, ಇಬ್ಬರು ಚಿಕ್ಕಪ್ಪಂದಿರು, ಬಿಯರಿನ ಮಡಕೆ, ಚಾಪೆ ಎಲ್ಲ ಒಂದೇ ವ್ಯಾನಿಗೆ ಏರಬೇಕಾಯಿತು. ಬಾಗಿಲು ಎಳೆದುಕೊಳ್ಳುವಾಗ ಬಾಫಾನಾ, ಹೊಟ್ಟೆ ಒಳಗೆ ಎಳ್ಕೊಳ್ಳಿ ಅಪ್ಪಂದಿರಾ ಎಂದು ತಗ್ಗಿದ ದನಿಯಲ್ಲಿ ಗೊಣಗಿದ. ಫಲಾಖೆ ಎಲ್ಲರಿಗಿಂತ ಮೊದಲು ಹತ್ತಿ, ಮಧ್ಯದ ಸಾಲಿನಲ್ಲಿ ಕಿಟಕಿಯ ಪಕ್ಕ ಕೂತು, ಹೊದಿಕೆಯಲ್ಲಿ ಸುತ್ತಿದ ಕೊಂಬೆಯನ್ನು ಮಗ್ಗುಲಲ್ಲಿಟ್ಟುಕೊಂಡಿದ್ದ.

ಏರುದಾರಿ ಬಂದಾಗ ಅವನು ಗಾಜಿಗೆ ಹಣೆ ಒತ್ತಿ, ಅಣ್ಣಾ, ಈಗ ಹೆದ್ದಾರಿ ಹತ್ತುತ್ತಿದ್ದೇವೆ ಎಂದು ಉಸಿರಿನಲ್ಲೇ ಹೇಳಿದ. ಸೇತುವೆ ಬಂದಾಗ ಸೇತುವೆ ಎಂದ. ಹಿಂದಿನಿಂದ ಅತ್ತೆ ನಶ್ಯದ ಡಬ್ಬಿ ಎಲ್ಲಿಟ್ಟೆ ಎಂದು ಕೇಳಿದಳು. ಅವನು ಗಂಟಲು ಮುಟ್ಟಿ ತೋರಿಸಿದ. ಅಯ್ಯೋ ಪಾಪ, ಸುಮ್ಮನಿರು ಎಂದಳು.

ಸುಂಕದ ಕಟ್ಟೆ ಬಂತು. ಕೊಲ್ಲುವಾಗ ಈ ಕಟ್ಟೆಯ ಹತ್ತಿರವೂ ಬಂದಿರಲಿಲ್ಲ, ಈಗ ಅಳುವುದಕ್ಕೆ ಸುಂಕ ಕೊಟ್ಟು ಹೋಗಬೇಕು. ಕಂಬದ ಮೇಲಿನ ಕ್ಯಾಮೆರಾ ಅವನ ಮುಖಕ್ಕೆ ನೇರವಾಗಿತ್ತು. ಅವನು ತಲೆ ತಗ್ಗಿಸಲಿಲ್ಲ. ಯಂತ್ರಕ್ಕೆ ಕಾಣುವುದು ಶೋಕದಲ್ಲಿರುವ ಒಬ್ಬ ತಮ್ಮ. ಅಣ್ಣಾ, ಇದು ಕಟ್ಟೆ, ಕೋಲು ಏಳುತ್ತೆ, ಹೆದರಬೇಡ. ಕೋಲು ಎದ್ದಿತು. ವ್ಯಾನು ಬೆಟ್ಟ ಬಳಸಿ, ತಿರುಗಿ, ಸೀಳಿನ ಕಡೆಗೆ ಓಡಿತು. ತಿರುವು, ಅಣ್ಣಾ. ಫಲಾಖೆಗೆ ಇದ್ದಕ್ಕಿದ್ದಂತೆ ಎಲ್ಲ ಹಗುರವೆನಿಸಿತು. ಸಂಜೆಗೆ ಮುಝಿವಾಖೆ ಪಿತೃಗಳ ಜೊತೆ ಇರುತ್ತಾನೆ. ನಾಳೆ ಮಣ್ಣು. ಮುಂದಿನ ತಿಂಗಳು ಪಾಳೆಯಗಾರನ ಅಂಗಳದಲ್ಲಿ ಸಭೆ, ಅಲ್ಲಿ ಯಜಮಾನನ ಜಾಗದಲ್ಲಿ ತಾನು. ಯಾರಿಗೂ, ಸತ್ತವನಿಗೂ ಕೂಡ, ಅನ್ಯಾಯವಾಗಲಿಲ್ಲ ಎಂದುಕೊಂಡ.

ಕಿಂಡಿಯ ಎದುರು ಬಾಫಾನಾ ದೀಪ ಮಿನುಗಿಸಿ ನಿಲ್ಲಿಸಿದ. ಲಾರಿಯೊಂದು ಹಾದುಹೋಗಿ ಇಡೀ ವ್ಯಾನು ತೂಗಿತು. ಚಿಕ್ಕಪ್ಪಂದಿರು ಇಳಿದರು. ಅತ್ತೆ ಇಳಿಯಲಿಲ್ಲ. ದಾರಿಯುದ್ದಕ್ಕೂ ಅವಳು ಹಿಂದಿನ ಚಕ್ರದ ಉಬ್ಬಿನ ಮೇಲೆ, ಮಡಕೆಯನ್ನು ಮಂಡಿಗಳ ನಡುವೆ ಹಿಡಿದು, ನೋಯುವ ಸೊಂಟ ಒತ್ತಿಕೊಂಡು ಕೂತಿದ್ದಳು. ಝೊದ್ವಾ ಬೋರಲು ಹಾಕಿದ ಬಾಟಲಿ ಪೆಟ್ಟಿಗೆಯ ಮೇಲಿದ್ದಳು. ಈಗ ಅತ್ತೆ ಮುಂದಕ್ಕೆ ಬಾಗಿ, ಫಲಾಖೆಯ ಪಕ್ಕದ ಸೀಟಿನ ಮೇಲೆ, ಕೊಂಬೆಯೊಂದನ್ನು ಬಿಟ್ಟರೆ ಯಾರೂ ಕೂರದೆ ಬಂದ ಅಗಲವಾದ ಸೀಟಿನ ಮೇಲೆ ಕೈಯಿಟ್ಟಳು. ಬಾಫಾನಾ ಮುಂದಿನಿಂದಲೇ ತಿರುಗಿ, ಆ ಸೀಟಿನ ಬಾಡಿಗೆಯನ್ನು ಖಾಬಾಝೆಲಾ ಹತ್ತುವಾಗಲೇ ಕೊಟ್ಟಿದ್ದಾರೆ ಅತ್ತೆ ಎಂದ. "ವಾಪಸ್ ಮನೆಗೆ ಬರೋವಾಗ ಕೊಡೋ ಬಾಡಿಗೆ ಅದು" ಎಂದಳು ಅವಳು. ದನಿ ಏರಲಿಲ್ಲ. "ನಾವಿನ್ನೂ ಅವನನ್ನ ಕರೆದೇ ಇಲ್ಲ. ಮುಝಿ ಇಲ್ಲಿ ರಸ್ತೆ ಮೇಲೆ ನಿಂತು ಕಾಯ್ತಿದಾನೆ ಅಂದ್ರೆ, ಮನೆಯಿಂದ ಇಲ್ಲೀವರೆಗೆ ಈ ಸೀಟಲ್ಲಿ ಕೂತು ಬಂದಿದ್ದು ಯಾರು, ಫಲಾಖೆ? ಅವನನ್ನ ಎಲ್ಲಿಂದ ಹತ್ತಿಸ್ಕೊಂಡೆ?" ಝೊದ್ವಾ ಪೆಟ್ಟಿಗೆಯಿಂದ ನಿಧಾನವಾಗಿ ಎದ್ದು ಬಾಗಿಲಿಗೆ ಅಡ್ಡ ನಿಂತಳು. ಒಂದು ಮಾತು, ಯಾವುದಾದರೂ ಒಂದು ಸುಳ್ಳು, ಸಾಕಿತ್ತು. ಆದರೆ ಕೊಂಬೆ ಹಿಡಿದವನು ಬದುಕಿರುವವರೊಂದಿಗೆ ಮಾತಾಡುವಂತಿಲ್ಲ. ಫಲಾಖೆ ಮಾತಾಡಲಿಲ್ಲ.